ತಾನಾಗಿ ನಡೆದ ಸೀಮೆಸುಣ್ಣ

"ಕೇಳಿಸ್ತಾ?" ಎಂದ ಫೋಟೋ ಸ್ಟುಡಿಯೋದವನು, ಬ್ರೇಕಿನ ಮೇಲಿಂದ ಕಾಲು ತೆಗೆಯದೆ.

ಕೇಳಿಸದೆ ಏನು. ಹಿಂದಿನ ಚಕ್ರದೊಳಗೆ ಯಾರನ್ನೋ ಕೂಡಿಹಾಕಿದ ಹಾಗೆ ಟಕ್, ಸ್ವಲ್ಪ ತಡೆದು ಮತ್ತೆ ಟಕ್. ಪಕ್ಕದ ಸೀಟಿನಲ್ಲಿದ್ದ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಿಡಿ... ಈಗ ಹಿಡೀರಿ... ಮೆಲ್ಲಗೆ" ಎಂದು ಮೂರ್ನಾಲ್ಕು ಸಲ ಹೇಳಿ ಕಿವಿಗೊಟ್ಟಳು. ಬ್ರೇಕ್ ಬಿಟ್ಟರೆ ಸದ್ದಿಲ್ಲ. ಮೆಲ್ಲಗೆ ಹಿಡಿದಷ್ಟೂ ಜಾಸ್ತಿ.

"ಮಾವ ಕೊಟ್ಟ ಹಳೇ ಕಾರು ಕಣಕ್ಕಾ. ಉಡುಗೊರೆ ಅಂದ್ಕೊಂಡಿದ್ದೆ, ಅಳಿಯನ ಮೇಲಿನ ಸೇಡು ಅಂತ ಈಗ ಗೊತ್ತಾಗ್ತಿದೆ. ಬ್ರೇಕ್ ಡ್ರಮ್ಮನ್ನ ನಿಮ್ಮಪ್ಪನ ಲೇತ್‌ಗೆ ಹಾಕಿಸೋಕೆ ಮುಂಚೆ ಬರೀ ಕಿರ್ ಅಂತಿತ್ತು. ಈಗ ಬಾಗಿಲು ಬಡೀತಿದೆ."

"ಒಳಗೆ ನಿಮ್ಮ ಮಾವನೇ ಕೂತಿರ್ಬೇಕು. ಬಿಟ್ಟು ಹೋಗಿ, ಸಂಜೆ ಹೇಳ್ತೀನಿ."

ಗ್ಯಾರೇಜು ಅವಳದು. ಅದಕ್ಕೆ ಅಂಟಿಕೊಂಡ ತಗಡಿನ ಕೋಣೆ, ಅದರೊಳಗಿನ ಕಬ್ಬಿಣ ಕಡೆಯುವ ಲೇತು, ಎರಡೂ ಅಪ್ಪನವು. ಅಮ್ಮ ಹೋದ ಮೇಲೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕೊನೆಗೆ ಅವನನ್ನು ಎಬ್ಬಿಸಿದ್ದು ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ. ಯಾರೋ ತಂದಿಟ್ಟಿದ್ದ ಒಂದು ಮುರಿದ ಶಾಫ್ಟು. ಅವತ್ತು ಎದ್ದು ಲೇತಿನ ಮುಂದೆ ನಿಂತವನು ಅಲ್ಲಿಂದೀಚೆಗೆ ಉಂಡಿದ್ದಾನೆ, ನಿದ್ದೆ ಮಾಡಿದ್ದಾನೆ, ಬೈದೂ ಇದ್ದಾನೆ. ಆ ಲೇತು ನಿಂತರೆ ಅಪ್ಪ ಮತ್ತೆ ಗೋಡೆಯ ಕಡೆ ತಿರುಗುತ್ತಾನೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸವೆದ ಡ್ರಮ್ಮಿನ ಒಳಮೈ ಕೆತ್ತುವುದರಲ್ಲಿ ಅವನದೇ ಒಂದು ಪದ್ಧತಿ. ಮೊದಲ ಸುತ್ತು ಬೇಗ ಕೆತ್ತಿ, ಲೇತು ನಿಲ್ಲಿಸಿ, ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಒಳಗೆ ಅಡ್ಡಡ್ಡ ಎಳೆಯುತ್ತಿದ್ದ. ಉಗುರು ಎಡವಿದರೆ ಇನ್ನೊಂದು ಸುತ್ತು, ತೀರಾ ನಿಧಾನಕ್ಕೆ. ಎಡವದಿದ್ದರೆ ಕೆಲಸ ಮುಗಿಯಿತು. "ಕಣ್ಣು ಹೊಳಪಿಗೆ ಮರುಳಾಗುತ್ತೆ ಕಣೇ, ಉಗುರು ಆಗಲ್ಲ" ಎನ್ನುತ್ತಿದ್ದ. ಅವಳು ಕೆಲಸ ಕಲಿತದ್ದೂ ಆ ಮಾತಿನಿಂದಲೇ.

ಕಾರನ್ನು ಜಾಕಿಯ ಮೇಲೆತ್ತಿ ಚಕ್ರ ಹಿಡಿದು ಅಲ್ಲಾಡಿಸಿದಳು, ಬೇರಿಂಗು ಗಟ್ಟಿಯಾಗಿತ್ತು. ಡ್ರಮ್ಮು ಬಿಚ್ಚಿದಳು. ಸ್ಪ್ರಿಂಗುಗಳು ಬಿಗಿಯಾಗಿದ್ದವು, ಲೈನರ್ ಎಲ್ಲೂ ಎದ್ದಿರಲಿಲ್ಲ. ಆದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳ ಒಂದು ಅಂಚು ಮಾತ್ರ, ಹಿಂದಿನ ತಗಡಿಗೆ ಬಡಿದು ಬಡಿದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಶೂಗಳು ಪಕ್ಕಕ್ಕೆ ಏಕೆ ಹೋಗಬೇಕು? ಡ್ರಮ್ಮಿನ ಒಳಗೆ ಉಗುರು ಎಳೆದಳು. ಬಾಚಣಿಗೆಯ ಹಲ್ಲಿನ ಮೇಲೆ ಎಳೆದ ಹಾಗೆ ತರತರ ಎಂದಿತು. ಇನ್ನೊಂದು ಸಲ ಎಳೆದಳು. ಆಮೇಲೆ ಸುಮ್ಮನೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಶೂಗಳನ್ನೂ ಸ್ಪ್ರಿಂಗುಗಳನ್ನೂ ಬದಲಾಯಿಸಿ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಒಂದಷ್ಟು ದಿನ ಸದ್ದು ಅಡಗುತ್ತಿತ್ತೋ ಏನೋ. ಎದ್ದು ತಗಡಿನ ಕೋಣೆಗೆ ಹೋದಳು.

"ಏನು, ಕಳ್ಳ ಸಿಕ್ಕಿದ್ನಾ?" ಎಂದ ಅಪ್ಪ.

"ಈ ಡ್ರಮ್ ಒಂಚೂರು ನೋಡಪ್ಪ."

"ನಾನು ಕೆತ್ತಿದ್ದನ್ನ ನೀನು ನೋಡು ಅಂತೀಯ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಸ್ಪ್ರಿಂಗ್ ನೋಡು ಹೋಗು."

"ನೋಡ್ದೆ. ಎಲ್ಲಾ ಸರಿ ಇದೆ."

ಅಪ್ಪ ಡ್ರಮ್ಮು ಇಸಕೊಂಡು, ಕಣ್ಣು ಮುಚ್ಚಿ, ಉಗುರು ಎಳೆದ. ಆ ತರತರ ಅವಳಿಗೆ ನಿಂತಲ್ಲಿಗೇ ಕೇಳಿಸಿತು. ಅವನ ಕಿವಿ ಮಂದವಾಗಿ ವರ್ಷಗಳಾಗಿದ್ದವು.

"ಗಾಜು ಇದ್ದಂಗಿದೆ," ಎಂದ.

ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಡ್ರಮ್ಮನ್ನು ಲೇತಿಗೆ ಕಚ್ಚಿಸಿ, ಅಳತೆ ಗುರುತಿಗೆಂದು ಇಟ್ಟಿದ್ದ ಸೀಮೆಸುಣ್ಣದ ತುಂಡನ್ನು ಒಳಮೈಗೆ ಹಗುರವಾಗಿ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಬೋಲ್ಟಿನ ಮೇಲೆ ನಟ್ಟು ಏರುವ ಹಾಗೆ ಸುಣ್ಣದ ತುಂಡು ತಾನಾಗಿ ಪಕ್ಕಕ್ಕೆ ನಡೆಯಿತು. ಅವಳ ಬೆರಳುಗಳನ್ನೂ ಎಳೆದುಕೊಂಡು ಅಂಚಿನವರೆಗೆ ಹೋಗಿ, ಟಕ್ಕನೆ ಜಾರಿ ಹಿಂದಕ್ಕೆ ಬಂತು. ಮತ್ತೆ ನಡೆಯತೊಡಗಿತು. ಶೂಗಳು ಪಕ್ಕಕ್ಕೆ ಹೋಗಿ ಬಡಿಯುತ್ತಿದ್ದದ್ದೂ ಹೀಗೆಯೇ.

ಅಪ್ಪ ಅದನ್ನೇ ನೋಡಿದ. ಅವನ ಕಣ್ಣು ಚೆನ್ನಾಗಿಯೇ ಇತ್ತು. ಆಮೇಲೆ ತನ್ನ ಹೆಬ್ಬೆರಳನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಬೆರಳು ತನ್ನ ಕೈಗೆ ಬಂದ ಹಾಗೆ ತಿರುಗಿಸಿ ನೋಡಿದ.

"ಯಾವಾಗಿಂದ ಅಪ್ಪಾ?"

"ಸಕ್ಕರೆ ಕಾಯಿಲೆ ಕಾಲಿಗೆ ಮಾತ್ರ ಬರುತ್ತೆ ಅಂದ್ಕೊಂಡಿದ್ದೆ. ಸ್ನಾನದ ನೀರು ಬಿಸಿ ಇದೆಯಾ ಅಂತ ಈಗ ಮೊಣಕೈ ಅದ್ದಿ ನೋಡ್ತೀನಿ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಲೇತಿಗೆ ಬೀಗ ಹಾಕ್ತಿದ್ದೆ ನೀನು."

"ಹಾಕ್ತಿದ್ದೆ," ಎಂದಳು.

ಅಷ್ಟು ಹೊತ್ತಿಗೆ ಇನ್ನೊಂದು ವಿಷಯ ಅವಳಿಗೆ ಹೊಳೆದಿತ್ತು. ಡ್ರಮ್ಮಿನ ಅಗಲವನ್ನು ಅಪ್ಪ ನೋಡುತ್ತಿದ್ದದ್ದು ಎರಡು ಕಾಲಿನ ಹಳೆಯ ಕ್ಯಾಲಿಪರ್‌ನಲ್ಲಿ. ಅದರ ಮೇಲೆ ಅಂಕಿ ಇಲ್ಲ; ಕಾಲುಗಳು ಕಬ್ಬಿಣಕ್ಕೆ ತಾಗಿದವೋ ಇಲ್ಲವೋ ಬೆರಳೇ ಹೇಳಬೇಕು. ತನ್ನ ಅಳತೆಪಟ್ಟಿ ತಂದು ಹಿಡಿದಳು. ಕೆತ್ತಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕೆತ್ತಿದ್ದ. ಇಷ್ಟು ತೆಳುವಾದ ಡ್ರಮ್ಮು ಇಳಿಜಾರಿನಲ್ಲಿ ಕಾದರೆ ಸೀಳುತ್ತದೆ.

"ಇತ್ತೀಚೆಗೆ ಇನ್ಯಾವ ಡ್ರಮ್ ಮಾಡ್ದೆ?"

"ಇದಾದ್ಮೇಲೆ ಯಾವುದೂ ಇಲ್ಲ. ಇದಕ್ಕೆ ಮುಂಚೆ..." ಅಪ್ಪನ ಬಾಯಿ ತೆರೆದೇ ಇತ್ತು. "ಶಾಲೆ ವ್ಯಾನು."

ಶಾಲೆ ಬಿಡುವ ಹೊತ್ತು. ವ್ಯಾನು ಗುಡ್ಡದ ಮೇಲಿನ ಶಾಲೆಯಿಂದ ಮಕ್ಕಳನ್ನು ತುಂಬಿಕೊಂಡು ಊರಿಗಿಳಿಯುತ್ತದೆ. ಎರಡನೇ ಕ್ಲಾಸಿನ ಅವಳ ಮಗಳೂ ಅದರಲ್ಲೇ. ಫೋನು ಎತ್ತಿದಳು.

"ಹೇಳಕ್ಕಾ, ಈಗಷ್ಟೇ ಹೊರಟೆ," ಎಂದ ಡ್ರೈವರ್. ಹಿಂದೆ ಮಕ್ಕಳ ಗಲಾಟೆ.

"ಇಳಿಜಾರಿಗೆ ಮುಂಚೆ ನಿಲ್ಸು. ನಾವು ಬರೋವರೆಗೂ ಗಾಡಿ ಕೆಳಗಿಳಿಸ್ಬೇಡ."

"ಬ್ರೇಕ್ ಬೆಣ್ಣೆ ಥರ ಇದೆ. ಒಂದು ಸದ್ದೂ ಇಲ್ವಲ್ಲಕ್ಕಾ."

"ಸದ್ದಿಲ್ದೇನೂ ಸೀಳುತ್ತೆ. ನಿಲ್ಸು ಅಂದೆ."

ಸ್ಕೂಟರಿನ ಹಿಂದೆ ಅಪ್ಪ ಜಾಕಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗುಡ್ಡದ ನೆತ್ತಿಯಲ್ಲಿ, ರಸ್ತೆ ಕೆಳಕ್ಕೆ ಬಗ್ಗುವ ಕಡೆ, ವ್ಯಾನು ನಿಂತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಡ್ರೈವರನ ಮುಂದೆ ಹೋಗಿ ನಿಂತ.

"ತಪ್ಪು ನಂದು. ನನ್ನ ಕೈ ಸತ್ತಿದೆ, ಗೊತ್ತಿದ್ದೂ ಕೆಲಸ ಮಾಡ್ದೆ. ಮಕ್ಕಳನ್ನ ಇಳಿಸು."

ಡ್ರೈವರ್ ಅವಳ ಕಡೆ ನೋಡಿ, ಮತ್ತೆ ಅಪ್ಪನ ಕಡೆ ತಿರುಗಿದ. "ಇದನ್ನ ಇವರಪ್ಪ ಅಮ್ಮಂದಿರಿಗೆ ಯಾರು ಹೇಳ್ತಾರೆ ಮೇಸ್ತ್ರಿ?"

"ನಾನೇ. ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಬಿಟ್ಟು, ಅಲ್ಲೇ ನಿಂತು ಹೇಳ್ತೀನಿ."

"ಹೊಡೆದುಬಿಟ್ಟಾರು."

"ಹೊಡೀಲಿ."

ಅವಳು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಎತ್ತಿ, ರಸ್ತೆಯ ಮೇಲೆಯೇ ಕೂತು ಹಿಂದಿನ ಚಕ್ರ ಬಿಚ್ಚಿದಳು. ಡ್ರಮ್ಮು ಕೈಗೆ ಬಂತು. ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಒಂದು ಬಿರುಕು ಹೊರಟಿತ್ತು. ಡ್ರೈವರ್ ಬಗ್ಗಿ ನೋಡಿ, ಹೋಗಿ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತ.

ಮಕ್ಕಳು ಸಾಲಾಗಿ ಇಳಿಯತೊಡಗಿದ್ದರು. ನಡೆದು ಹೋಗುವುದೇ ಒಂದು ಆಟವಾಗಿತ್ತು ಅವರಿಗೆ. ಎರಡು ಹೆಗಲಿಗೂ ಯಾರ್ಯಾರದೋ ಚೀಲ ನೇತುಹಾಕಿಕೊಂಡು ಅಪ್ಪ ಮುಂದೆ ನಡೆದಿದ್ದ. ಮೊಮ್ಮಗಳು ಅಜ್ಜನ ಎರಡು ಬೆರಳು ಹಿಡಿದುಕೊಂಡು ಏನೇನೋ ಹೇಳುತ್ತಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ಅಪ್ಪ ತಲೆ ಬಗ್ಗಿಸಿ, ಅವಳು ಕೈ ಹಿಡಿದೇ ಇದ್ದಾಳೆಯೇ ಎಂದು ನೋಡಿಕೊಳ್ಳುತ್ತಿದ್ದ.