ಕೊಳಲಿನ ಹಿಂದಿನ ಮಾತು

"ಇಲ್ಲಿ ನಿಲ್ಲಿಸ್ತೀನಿ, ನೋಡಿ," ಎಂದು ಶೈಲಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪ್ರೊಜೆಕ್ಟರಿನ ಬೆಳಕಲ್ಲಿ ಗೋಡೆಯ ಮೇಲೆ ಹರಿಯುತ್ತಿದ್ದ ತುಂಗಭದ್ರೆ ನಿಂತಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ರಸ್ತೆಯತ್ತ ತಿರುಗಿದ್ದಳು. ಬಾಯಿ ಅರ್ಧ ತೆರೆದಿತ್ತು.

ಹೊನ್ನಾಳಿಯ ಆ ಕಾಲೇಜಿನಲ್ಲಿ ಶೈಲಾ ಅತಿಥಿ ಉಪನ್ಯಾಸಕಿ. ಪತ್ರಿಕೋದ್ಯಮದ ಕೊನೆಯ ವರ್ಷದವರಿಗೆ, ಸಿನಿಮಾದ ಮೊದಲ ದೃಶ್ಯ ಹೇಗೆ ಅರ್ಥ ಕಟ್ಟುತ್ತದೆ ಎನ್ನುವ ಪಾಠ. ಯಾವ ಟಾಕೀಸಿಗೂ ಬಾರದ ಈ ಚಿತ್ರವನ್ನು ಅದರಲ್ಲಿ ಕೆಲಸ ಮಾಡಿದ್ದ ಗೆಳತಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು.

"ದೂರದಲ್ಲಿ ಬಸ್ಸು ಬರ್ತಿದೆ. ಇಳಿಯೋರು ಯಾರು ಅಂತ ನಾವು ಕಾಯ್ತೀವಿ. ಇದು ಕ್ರಿಯೆಯ ಸಂಕೇತ. ಈಕೆ ಏನೋ ಹೇಳ್ತಾಳೆ, ನಮಗೆ ಕೇಳೋದು ಕೊಳಲು ಮಾತ್ರ. ನಿರ್ದೇಶಕರು ಬೇಕಂತಲೇ ಮಾತನ್ನ ಮುಚ್ಚಿಟ್ಟಿದಾರೆ. ಇದು ಒಗಟಿನ ಸಂಕೇತ. ಹೇಳಿ, ಯಾರಿಗೆ ಕಾಯ್ತಿದಾಳೆ?"

"ಗಂಡಂಗೆ ಮೇಡಂ."

"ಲವರ್‌ಗೆ!" ಹಿಂದಿನ ಬೆಂಚು ನಕ್ಕಿತು.

ಸಾಸ್ವೆಹಳ್ಳಿಯಿಂದ ಬರುವ ನಾಗರತ್ನ ಎದ್ದು ನಿಂತಿದ್ದಳು. ವರ್ಷವಿಡೀ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ.

"ಯಾರಿಗೂ ಕಾಯ್ತಿಲ್ಲ ಮೇಡಂ. ಅದು ನಮ್ಮವ್ವ."

ಪಾಠ ಅಲ್ಲಿಗೇ ನಿಂತಿತು.

ಉಳಿದದ್ದನ್ನು ನಾಗರತ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಶೂಟಿಂಗಿನವರು ಬಂದಿದ್ದರು. ಹೊಳೆಯಲ್ಲಿದ್ದ ಅವ್ವ ಪ್ರೇಮಮ್ಮನನ್ನು ಹಾಗೇ ಒಗೆಯುತ್ತಿರಲು ಹೇಳಿದ್ದರು. ಆಮೇಲೆ ಕೊರೊನಾ ಬಂತು. ದಾವಣಗೆರೆಯ ಆಸ್ಪತ್ರೆಯೊಳಗೆ ನಡೆದುಕೊಂಡೇ ಹೋದ ಪ್ರೇಮಮ್ಮ ಒಂಬತ್ತನೇ ದಿನ ಬಿಳಿ ಚೀಲದಲ್ಲಿ ಹೊರಬಂದಳು. ಕೊನೆಗೊಮ್ಮೆ ಮುಖ ನೋಡಲೂ ಯಾರಿಗೂ ಆಗಲಿಲ್ಲ.

"ಅಪ್ಪನ್ನ ಕರ್ಕೊಂಡು ಬರ್ಲಾ ಮೇಡಂ? ಒಂದ್ಸಲ ನೋಡ್ಲಿ."

ಸೋಮವಾರ ನಾಗರತ್ನಳ ಜೊತೆ ಅವಳಪ್ಪ ಗಾದ್ರಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಚಪ್ಪಲಿಯನ್ನು ತರಗತಿಯ ಹೊರಗೇ ಬಿಟ್ಟು ಮುಂದಿನ ಬೆಂಚಿನ ತುದಿಯಲ್ಲಿ ಕೂತ. ಶೈಲಾ ಕಿಟಕಿಗಳನ್ನು ಮುಚ್ಚಿದಳು.

ಆ ದೃಶ್ಯವನ್ನು ಎರಡು ಸಲ ಹಾಕಿ ತೋರಿಸಿದಳು. ಮೂರನೇ ಸಲ ಗಾದ್ರಪ್ಪ ಬೆಂಚಿನಿಂದ ಮುಂದಕ್ಕೆ ಬಾಗಿದ.

"ಏನೋ ಅಂತಾಳಲ್ರೀ ಮೇಡಂ. ಏನಂತಾಳೆ?"

"ಕೇಳ್ಸಲ್ಲ ಯಜಮಾನ್ರೆ. ಮೇಲೆ ಕೊಳಲು ಹಾಕಿದಾರೆ."

"ಅದನ್ನ ತಗದುಬಿಡ್ರಿ."

"ತೆಗೆಯೋಕೆ ಬರಲ್ಲ."

"ಸೌಂಡಾದ್ರೂ ಜಾಸ್ತಿ ಮಾಡ್ರಿ. ಕೆಳಗೆಲ್ಲಾದ್ರೂ ಇರ್ತೈತೆ."

ಏನೂ ಸಿಗದೆಂದು ಶೈಲಾಗೆ ಗೊತ್ತಿತ್ತು. ಆದರೂ ಸೌಂಡನ್ನು ಕೊನೆಯವರೆಗೆ ಏರಿಸಿದಳು. ಕೈಗೆ ಬೇರೆ ಕೆಲಸವಿರಲಿಲ್ಲ. ಕೊಳಲು ಕೋಣೆಯಿಡೀ ಕಿರುಚಿತು. ಗಾದ್ರಪ್ಪ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದ.

"ಸಿನಿಮಾದೋರ ಹತ್ರ ಇರ್ಬೇಕಲ್ರಿ? ನಾನೇ ಹೋಗಿ ಕೇಳ್ಕೊಂಡು ಬರ್ತೀನಿ. ಎಲ್ಲಿ ಅಂತ ಹೇಳ್ರಿ ಸಾಕು."

ಭಾನುವಾರವೇ ಶೈಲಾ ಗೆಳತಿಗೆ ಫೋನು ಮಾಡಿದ್ದಳು. 'ಮುಚ್ಚಿಡೋದೆಲ್ಲಿ ಬಂತೇ? ಅವತ್ತು ಮೈಕೇ ತಂದಿರ್ಲಿಲ್ಲ' ಎಂದು ಗೆಳತಿ ನಕ್ಕಿದ್ದಳು. ಮೂರು ವರ್ಷದಿಂದ ಹೇಳಿಕೊಂಡು ಬಂದ ಪಾಠವೇ ಸುಳ್ಳಾಗಿತ್ತು. ಇವನ ಮುಂದೆ ಮೈಕಿನ ವಿಷಯ ಹೇಗೆ ಹೇಳುವುದು? ಹೇಳದೆ ಊರೂರು ಅಲೆಸುವುದಾದರೂ ಹೇಗೆ?

"ಅವತ್ತು ಮೈಕ್ ಇಟ್ಟಿರ್ಲಿಲ್ಲವಂತೆ, ಯಜಮಾನ್ರೆ."

"ಹಂಗಾರೆ ಎಲ್ಲೂ ಇಲ್ಲ ಅನ್ರಿ." ಗಾದ್ರಪ್ಪ ಮಗಳ ಕಡೆ ತಿರುಗಿದ. "ನೀನು ಅಲ್ಲೇ ಇದ್ದೆಲ್ಲವ್ವ? ಏನಂದ್ಲು?"

"ಅಲ್ಲೇ ಇದ್ದೆ ಅಪ್ಪ." ನಾಗರತ್ನ ವೇಲಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. "ನಾನು ಕ್ಯಾಮೆರಾ ನೋಡ್ತಾ ನಿಂತಿದ್ದೆ."

ಹೊರಗೆ ಗಂಟೆ ಹೊಡೆಯಿತು. ಮುಂದಿನ ಕ್ಲಾಸಿನವರು ಬಾಗಿಲಲ್ಲಿ ಇಣುಕಿದರು. ಶೈಲಾ ಅವರನ್ನು ತಡೆಯಲಿಲ್ಲ, ಒಳಗೂ ಕರೆಯಲಿಲ್ಲ. ಪ್ರೇಮಮ್ಮ ಬಾಯಿ ತೆರೆದಿದ್ದ ಆ ಕ್ಷಣಕ್ಕೆ ಮತ್ತೆ ಚಿತ್ರವನ್ನು ನಿಲ್ಲಿಸಿದಳು.

ಗಾದ್ರಪ್ಪ ಎದ್ದು ಗೋಡೆಯ ಹತ್ತಿರ ಹೋದ. ಅವನ ನೆರಳು ಹೆಂಡತಿಯ ಮೇಲೆ ಬಿದ್ದು ಅವಳು ಅಳಿಸಿಹೋದಳು. ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಅವಳು ತಿರುಗಿ ಬಂದಳು. ಮತ್ತೆ ಹತ್ತಿರ ಹೋದ.