ಜೇಬೆಜ್ ಟ್ರೆಂಬತ್‌ನ ಓಟು

ಕುರಿಗಳ ಉಣ್ಣೆ ಕತ್ತರಿಸುವವರೆಲ್ಲ ಮುಷ್ಕರ ಹೂಡಿ ಕತ್ತರಿ ಕೆಳಗಿಟ್ಟ ವರ್ಷ ಅದು. ಆಸ್ಟ್ರೇಲಿಯಾದ ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಬಯಲಲ್ಲಿ ಡೇರೆ ಹಾಕಿ ಕೂತಿದ್ದೆವು. ನಾನು ಅಡುಗೆಯವನು. ಹಿಟ್ಟು ಮುಗಿಯುತ್ತ ಬಂದಾಗ ನಮ್ಮ ಜೊತೆಗಾರ ಜೇಬೆಜ್ ಟ್ರೆಂಬತ್‌ನ ಹೆಂಡತಿ ಲವ್‌ಡೇ ಬಾಣಂತಿಜ್ವರ ಬಂದು ಮಲಗಿದಳು. ಮಗು ಆಗಲೇ ಹೋಗಿತ್ತು.

ಕುರಿಗಳ ಧಣಿ ಸ್ಟ್ರಾಕನ್ ಅವನಿಗೆ ಹೇಳಿಕಳಿಸಿದ: "ಬಂದು ಕತ್ತರಿ ಹಿಡಿ, ಡಾಕ್ಟರಿಗೆ ನನ್ನ ಗಾಡಿ ಕಳಿಸ್ತೀನಿ."

ಜೇಬೆಜ್ ಹೋದ. ಡಾಕ್ಟರೂ ಬಂದ. ಲವ್‌ಡೇ ಉಳಿಯಲಿಲ್ಲ.

ಹೆಣ ಹೂಳಲು ಗುದ್ದಲಿ ಕೇಳಿಕೊಂಡು ಜೇಬೆಜ್ ಶಿಬಿರಕ್ಕೆ ಬಂದ. ನಮ್ಮ ಮುಂದಾಳು ಕಾನ್ ಗಿಲ್‌ಫಾಯ್ಲ್ ಅಡ್ಡ ನಿಂತ.

"ಕಜ್ಜಿಕುರಿಗೆ ಇಲ್ಲೇನೋ ಕೆಲಸ?" ಮುಷ್ಕರ ಮುರಿದು ಧಣಿಯ ಕೆಲಸಕ್ಕೆ ಹೋದವನನ್ನು ನಾವು ಕರೆಯುತ್ತಿದ್ದದ್ದೇ ಹಾಗೆ.

"ಅವಳೇನು ಮಾಡಿದ್ಲು ಕಾನ್? ನಿನ್ನ ಅಂಗಿ ಹರಿದಾಗ ಹೊಲಿದುಕೊಟ್ಟೋಳು ಕಣೋ ಅವಳು."

"ಧಣಿ ಹತ್ರ ಕೇಳ್ಕೋ ಹೋಗು. ಗಾಡಿ ಕೊಟ್ಟೋನು ಗುಂಡೀನೂ ತೋಡಿಸ್ತಾನೆ."

ಯಾರೋ ನಕ್ಕರು. ಜೇಬೆಜ್ ಮುರಿದ ಬಾಣಲೆಯೊಂದನ್ನು ಹಿಡಿದು ಆ ಕಲ್ಲುನೆಲವನ್ನು ಸಂಜೆಯವರೆಗೂ ಕೆದಕಿದ.

ಆಮೇಲೆ ಸೈನಿಕರು ಬಂದರು. ಮುಂದಾಳುಗಳ ಕೈಗೆ ಸರಪಳಿ ಬಿತ್ತು, ಮುಷ್ಕರ ಮುರಿಯಿತು. ಜೈಲಿನಿಂದ ಹೊರಬಂದ ಗಿಲ್‌ಫಾಯ್ಲ್ ಊರಿನ ದೊಡ್ಡ ಮರದಡಿ ನಮ್ಮನ್ನೆಲ್ಲ ಸೇರಿಸಿದ.

"ಬಂದೂಕು ಧಣಿಗಳದು, ಜಡ್ಜು ಅವರವನು. ಯಾಕೆ? ಕಾನೂನು ಮಾಡೋ ಮನೇಲಿ ಕೂತಿರೋರೆಲ್ಲ ಅವರೇ. ಅಲ್ಲಿಗೆ ನಮ್ಮೋನೊಬ್ಬನ್ನ ಕಳಿಸೋಣ!"

ಟೋಪಿಗಳು ಗಾಳಿಗೆ ಹಾರಿದವು. ಹೀಗೆ ನಮ್ಮ ಕಡೆ ದುಡಿಯುವವರದೇ ಪಕ್ಷ ಹುಟ್ಟಿತು. ಅದರ ಉಮೇದುವಾರ ಗಿಲ್‌ಫಾಯ್ಲ್.

ಆದರೆ ಒಂದೇ ಕಡೆ ಆರು ತಿಂಗಳು ನೆಲೆ ನಿಂತವನಿಗೆ ಮಾತ್ರ ಓಟು. ಕೆಲಸ ಹುಡುಕಿಕೊಂಡು ಅಲೆಯುವ ನಮಗೆ ನೆಲೆ ಎಲ್ಲಿಯದು? ಜೇಬೆಜ್‌ಗೆ ಇತ್ತು. ಸ್ಟ್ರಾಕನ್ ಅವನನ್ನು ಬೇಲಿ ಕಾಯಲು ಇಟ್ಟುಕೊಂಡು ಗುಡಿಸಲು ಕೊಟ್ಟಿದ್ದ.

ಓಟಿನ ದಿನ ಧಣಿ ತನ್ನ ಆಳುಗಳನ್ನೆಲ್ಲ ಗಾಡಿಯಲ್ಲಿ ತುಂಬಿ ತಂದ. ಮತಗಟ್ಟೆಯಿಂದ ಹೊರಬಂದ ಜೇಬೆಜ್‌ನನ್ನು ಎಲ್ಲರೆದುರೇ ಕೇಳಿದ: "ಹೇಳಿದ ಹಾಗೆ ಹಾಕಿದೆ ತಾನೆ?"

"ಇಲ್ಲ ಧಣಿ. ಗಿಲ್‌ಫಾಯ್ಲ್‌ಗೆ ಹಾಕಿದೆ."

ಸ್ಟ್ರಾಕನ್ ಕೂಗಾಡಲಿಲ್ಲ. "ಗುಡಿಸಲು ಖಾಲಿ ಮಾಡು," ಅಂದ, ಅಷ್ಟೇ. ಕತ್ತಲಾಗುವ ಮೊದಲೇ ಅವನ ಕಡೆಯವರು ಅದಕ್ಕೆ ಬೆಂಕಿಯಿಟ್ಟರು.

ಊರಲ್ಲಿ ನೆಲೆಯಿದ್ದ ಕೂಲಿಗಳ ಓಟಿನಿಂದ ಗಿಲ್‌ಫಾಯ್ಲ್ ಗೆದ್ದ. ಹೋಟೆಲಿನ ಹಿಂದೆ ಎರಡು ಕುರಿ ಸುಟ್ಟೆ. ಎಲ್ಲರೂ ಒಳಗೆ ಕುಡಿದು ಕುಣಿಯುತ್ತಿದ್ದಾಗ ಜೇಬೆಜ್ ಕಂಬಳಿಯ ಗಂಟು ಹೊತ್ತು ಬಾಗಿಲಲ್ಲಿ ನಿಂತ. ಪಿಟೀಲು ನಿಂತಿತು.

"ಅವನೂ ನಿನಗೇ ಹಾಕಿದಾನೆ ಕಾನ್. ಅದಕ್ಕೇ ಮನೆ ಹೋಯ್ತು," ಅಂದೆ ನಾನು.

"ಗೊತ್ತು." ಗಿಲ್‌ಫಾಯ್ಲ್ ಲೋಟ ಕೆಳಗಿಟ್ಟು ಬಾಗಿಲಿಗೆ ಹೋದ. "ಪಕ್ಷಕ್ಕೆ ಸೇರೋಕೆ ಬಂದ್ಯಾ?"

"ಹೂಂ."

"ನಿನ್ನಂಥೋನನ್ನ ಸೇರಿಸಿಕೊಂಡ್ರೆ ಜೈಲಿಗೆ ಹೋದೋರ ಮುಖ ನಾನು ಹೇಗೋ ನೋಡ್ಲಿ? ಓಟು ಕೊಟ್ಟೆ, ಸರಿ. ನಡಿ ಆಚೆ."

"ಹಾಗಾದ್ರೆ ನಾನು ಯಾರವನು ಕಾನ್?"

ಗಿಲ್‌ಫಾಯ್ಲ್ ಅವನ ಎದೆಗೆ ಕೈಯಿಟ್ಟು ಆಚೆ ನೂಕಿದ. ಜೇಬೆಜ್ ಮೆಟ್ಟಿಲಿಂದ ಧೂಳಿಗೆ ಉರುಳಿದ. ಒಳಗಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಪಿಟೀಲು ಮತ್ತೆ ಶುರುವಾಯಿತು.

ನಾನು ಒಂದು ತುಂಡು ಮಾಂಸ ಹಿಡಿದು ಹಿತ್ತಲಿಂದ ಸುತ್ತಿ ಬರುವಷ್ಟರಲ್ಲಿ ಅವನು ಪಶ್ಚಿಮದ ದಾರಿ ಹಿಡಿದಾಗಿತ್ತು. ಆ ಕಡೆ ದಿನಗಟ್ಟಲೆ ನಡೆದರೂ ನೀರಿಲ್ಲ. ಕೂಗಿದೆ. ಅವನು ತಿರುಗಲಿಲ್ಲ.