ನೀರಿಗೆ ಇಪ್ಪತ್ತು ಬಡಿತ

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿತು. ನಾಲ್ಕನೆಯದಕ್ಕೆ ಶೆಫಾಲಿ ಚಿಲಕ ತೆಗೆದಳು.

ಹೊರಗೆ ಆಟೋ ಓಡಿಸುವ ಚಾಂದ್‌ಪಾಷಾ ನಿಂತಿದ್ದ. ಅವನ ಕೈಯಲ್ಲಿ ಕೆಂಪು ಚೌಕಳಿಯ ಒದ್ದೆ ಟವೆಲು. ಸಿಂಧನೂರಿನ ಬಂಗಾಲಿ ಕ್ಯಾಂಪಿನ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವಂಥದು.

“ಅಕ್ಕಾ, ನಿಮ್ಮ ಮನುಷ್ಯಾ ಇದನ್ನ ಗಾಡ್ಯಾಗ ಬಿಟ್ಟು ಹೋಗ್ಯಾನ.”

“ಯಾವ ಮನುಷ್ಯಾ?”

“ಎರಡು ಹಂಡೆ ಮೀನುಮರಿ ಒಯ್ದನಲ್ಲ, ಅಂವ. ಕಾಲುವಿ ದಂಡಿಗೆ ನಿಂತಿದ್ದ. ಮಸ್ಕಿ ಕ್ರಾಸಿಗೆ ಬಿಟ್ಟು ಬಂದೀನಿ.”

ಶೆಫಾಲಿ ಮನೆಯ ಹಿಂದಿನ ಹೊಂಡಕ್ಕೆ ಓಡಿದಳು. ನಾಲ್ಕು ಕೋಲುಗಳಿಗೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟಿದ್ದ ಬಟ್ಟೆಯ ತೊಟ್ಟಿಲುಗಳ ಮೇಲೆ ಬ್ಯಾಟರಿ ಹಾಯಿಸಿದಳು. ಸಂಜೆಯವರೆಗೆ ಅಲ್ಲಿ ಕಾಟ್ಲಾ, ರೋಹು ಮರಿಗಳು ಅಕ್ಕಿಕಾಳಿನಂತೆ ತುಂಬಿ ಮಿಸುಕಾಡುತ್ತಿದ್ದವು. ಈಗ ಒಂದು ತೊಟ್ಟಿಲಿನ ಮೂಲೆಯಲ್ಲಿ ಒಂದು ಹಂಡೆಯ ತಳಕ್ಕಾಗುವಷ್ಟು ಮಾತ್ರ ಉಳಿದಿದ್ದವು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ಮರಿಗಳು ಮಸ್ಕಿಯ ಆಚೆಗಿನ ಹಳ್ಳಿಯೊಂದರ ಕೆರೆಗೆ ಇಳಿಯಬೇಕಿತ್ತು. ಇಳಿದರೆ, ಅಲ್ಲಿನ ಮೀನುಗಾರರ ಸಂಘದ ಕರಾರಿನಂತೆ, ಮೂರು ವರ್ಷ ಆ ಕೆರೆಯ ಮೀನುಗಾರಿಕೆ ಶೆಫಾಲಿಯದು. ಇಳಿಯದಿದ್ದರೆ ಬಳಗಾನೂರಿನ ದುರುಗೇಶನದು. ಊರವರ ಕೆರೆಯೊಂದು ಅವಳ ಮನೆತನದ ಕೈಗೆ ಬರುವಂತಿದ್ದದ್ದು ಇದೇ ಮೊದಲು.

ಅವಳ ತಮ್ಮ ಸುಬಲ್ ಎದ್ದು ಬಂದ. ಖಾಲಿ ತೊಟ್ಟಿಲುಗಳನ್ನೂ ಚಾಂದ್‌ಪಾಷಾನ ಕೈಯಲ್ಲಿದ್ದ ಟವೆಲನ್ನೂ ನೋಡಿ ಅವನ ಮುಖ ಕಪ್ಪಿಟ್ಟಿತು.

“ದೀದಿ, ನಾಳೆ ಎಲ್ಲಾರೂ ನನ್ನ ಕಡೆನ ಬೊಟ್ಟು ಮಾಡ್ತಾರ.”

ಶೆಫಾಲಿ ಟವೆಲನ್ನು ಬೆರಳಿನಿಂದ ಉಜ್ಜಿ ನೋಡಿದಳು. ಗಂಜಿ ಇನ್ನೂ ಹೋಗಿರಲಿಲ್ಲ. “ಹೊಸಾದು. ಕ್ಯಾಂಪಿನ ಯಾವ ಗಂಡಸು ಗಂಜಿ ತೆಗೀದ ಟವೆಲ್ ಕೆಲಸಕ್ಕ ಒಯ್ತಾನ? ಇದನ್ನ ಬೇಕಂತನ ಬಿಟ್ಟಾನ. ಚಾಂದ್‌ಪಾಷಾ, ಅವನ ಮುಖ ನೋಡಿದೇನು?”

“ಬ್ಯಾರೆ ಟವೆಲ್ ಸುತ್ತಿದ್ದ. ಮಸ್ಕಿ ಅಂದ, ಅಷ್ಟ. ಆಮ್ಯಾಲ ಎರಡೂ ಕೈಲೆ ಹಂಡೆ ನೀರು ಬಡಕೊಂತ ಕುಂತ. ಬಾಯಾಗ ಎಣಸ್ತಿದ್ದ. ಏಕ್ ಅಂದ, ನಮ್ಮ ಮಂದಿ ಇರಬೇಕು ಅನ್ಕೊಂಡೆ. ಮುಂದ ದೋ ಅನ್ನಲಿಲ್ಲ, ದುಯ್ ಅಂದ.”

ದುಯ್. ಅದು ಬಂಗಾಲಿ ಎಣಿಕೆ. ಸುಬಲ್ ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟ.

ಶೆಫಾಲಿ ಮಾತ್ರ ಹಂಡೆಯೊಂದಕ್ಕೆ ನೀರು ತುಂಬಿ ತಮ್ಮನ ಮುಂದಿಟ್ಟಳು. “ಬಡಿ.”

ಅವನು ಅಂಗೈಯಿಂದ ನೀರನ್ನು ಬಡಿಯತೊಡಗಿದ. ಗಾಳಿ ನೀರಿನೊಳಗೆ ಸೇರುತ್ತಿದ್ದರೆ ಮಾತ್ರ ಮರಿಗಳು ದಾರಿಯುದ್ದಕ್ಕೂ ಬದುಕುತ್ತವೆ. ಇಪ್ಪತ್ತು ಬಡಿತ, ಐದು ಉಸಿರಿನ ಬಿಡುವು, ಮತ್ತೆ ಇಪ್ಪತ್ತು. ಅವರ ಅಪ್ಪ ನಿತ್ಯಾನಂದ ಹಲ್ದಾರ್ ಪೂರ್ವ ಬಂಗಾಲದ ಖುಲ್ನಾದ ಹಳ್ಳಿಯಿಂದ ಗಡಿ ದಾಟಿ ಬರುವಾಗ ತಂದದ್ದು ಒಂದು ಖಾಲಿ ಹಂಡೆ ಮತ್ತು ಈ ವಿದ್ಯೆ.

“ಒಂದ್, ಎಲ್ಡ್, ಮೂರ್, ನಾಕ್…” ಸುಬಲ್ ಎಣಿಸುತ್ತಿದ್ದ.

ಶೆಫಾಲಿ ನಕ್ಕಳು. ಮನೆಯಲ್ಲಿ ಬಂಗಾಲಿ ಆಡಿದರೂ ಅಕ್ಕತಮ್ಮಂದಿರಿಗೆ ಮಗ್ಗಿ ಕಲಿಸಿದ್ದು ಕ್ಯಾಂಪಿನ ಕನ್ನಡ ಶಾಲೆಯ ಮಾಸ್ತರರು. ಅಲ್ಲಿ ಓದಿದವರೆಲ್ಲ ಲೆಕ್ಕಕ್ಕೆ ಕೈ ಹಚ್ಚಿದೊಡನೆ ಕನ್ನಡಕ್ಕೆ ತಿರುಗುತ್ತಿದ್ದರು. ಬಂಗಾಲಿಯಲ್ಲಿ ಎಣಿಸುತ್ತಿದ್ದ ಹಿರಿಯರಲ್ಲಿ ಹಂಡೆ ಎತ್ತುವ ಶಕ್ತಿ ಉಳಿದವರು ಯಾರೂ ಇರಲಿಲ್ಲ. ಆದರೆ ಅಪ್ಪನಿಗೆ ಕನ್ನಡದ ಅಂಕಿಗಳು ಕೊನೆಯವರೆಗೂ ಒಗ್ಗಲಿಲ್ಲ. ಅವನು ತನ್ನ ಎಣಿಕೆಯ ಸಮೇತ ಈ ಕೆಲಸ ಕಲಿಸಿದ್ದು ಕ್ಯಾಂಪಿನ ಹೊರಗಿನ ಇಬ್ಬರಿಗೆ ಮಾತ್ರ.

“ಟವೆಲಿನ ಸುದ್ದಿ ಬೇಕಾದವರಿಗೆ ಹೇಳು, ಚಾಂದ್‌ಪಾಷಾ. ಎಣಿಸಿದ್ದು ಮಾತ್ರ ನಿನ್ನ ಹೊಟ್ಟ್ಯಾಗ ಇರಲಿ. ನಾಳೆ ನೀನೂ ಕೆರೀಗೆ ಬಾ.”

ಮರುದಿನ ಹತ್ತಕ್ಕೆ ಕೆರೆಯ ಏರಿಯ ಮೇಲೆ ಮೀನುಗಾರರ ಸಂಘ ಸೇರಿತು. ಕಾರ್ಯದರ್ಶಿ ಸೂಗಮ್ಮ ನಡಾವಳಿ ಪುಸ್ತಕ ಬಿಡಿಸಿ ಕುಳಿತಿದ್ದಳು. ಪಕ್ಕದಲ್ಲಿ ಅಧ್ಯಕ್ಷ ಪಕೀರಪ್ಪ. ಪ್ರಾಯದಲ್ಲಿ ಅವನು ನಿತ್ಯಾನಂದನ ಹೊಂಡ ಕಾಯುತ್ತ ಈ ಕೆಲಸ ಕಲಿತಿದ್ದ. ಈಗ ದುರುಗೇಶ ಅವನ ಅಳಿಯ. ಎದುರಿಗೆ ಲಿಂಗಸುಗೂರಿನ ಮೀನು ವ್ಯಾಪಾರಿ ಗಾಳೆಪ್ಪ. ಅವನು ನಿತ್ಯಾನಂದನ ಬಳಿ ಐದು ವರ್ಷ ದುಡಿದವನು, ಹಟ್ಟಿಯ ಗಣಿ ಕಾರ್ಮಿಕರ ಮನೆಗಳಿಗೆ ಮೀನು ಒಯ್ಯುವವನು. ಕೆರೆ ಸಿಕ್ಕರೆ ಹಟ್ಟಿಯಲ್ಲಿ ತಾನೇ ಅಂಗಡಿ ತೆರೆಯುವುದಾಗಿ ಶೆಫಾಲಿ ಅರ್ಜಿಯಲ್ಲಿ ಬರೆದಿದ್ದರೂ ಅವನು ಅವಳನ್ನು ತಂಗಿ ಎನ್ನುವುದನ್ನು ಬಿಟ್ಟಿರಲಿಲ್ಲ. ದುರುಗೇಶ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ತಂದು ನೆರಳಿನಲ್ಲಿಟ್ಟಿದ್ದ. ಹಂಡೆ ಬಡಿಯುವ ಗೋಜು ಅವನಿಗೆ ಗೊತ್ತೇ ಇರಲಿಲ್ಲ.

ಶೆಫಾಲಿ ಉಳಿದಿದ್ದ ಮರಿಗಳ ಒಂದೇ ಹಂಡೆಯನ್ನು ನಡುವೆ, ಬಿಸಿಲಿನಲ್ಲಿ, ಇಳಿಸಿದಳು.

“ಇಷ್ಟನವಾ?” ಎಂದ ಪಕೀರಪ್ಪ. “ಇದು ಕೆರಿ ಅದ, ಒಗ್ಗರಣಿ ಸೌಟು ಅಲ್ಲ.”

“ಉಳಿದದ್ದು ಕಳುವಾಗೇದ.”

“ಟವೆಲಿನ ಸುದ್ದಿ ಚಾ ಅಂಗಡ್ಯಾಗ ಕೇಳೀನಿ. ನಿನ್ನ ತಮ್ಮನ್ನ ಮೊದಲ ವಿಚಾರಿಸು.”

“ಬಿಡೋ ಪಕೀರಪ್ಪ,” ಎಂದ ಗಾಳೆಪ್ಪ. “ತಂಗಿ ಸುಳ್ಳು ಹೇಳಾಕಿ ಅಲ್ಲ. ಎರಡು ದಿನ ಟೈಮ್ ಕೊಡು.”

“ಕೊಟ್ರ ನನ್ನ ಚೀಲದಾಗಿನ ಮರಿಗಿ ನೀ ಉಸಿರು ಊದ್ತೀಯೇನು, ಕಾಕಾ?” ಎಂದ ದುರುಗೇಶ. ಕೆಲವರು ನಕ್ಕರು.

ಶೆಫಾಲಿ ಹಂಡೆಯ ನೀರನ್ನು ಮುಟ್ಟದೆ ಕೈಕಟ್ಟಿ ನಿಂತಳು. “ನಮ್ಮಪ್ಪ ಬರೂಕಿಂತ ಮುಂಚೆ ಈ ಕೆರ್ಯಾಗ ಏನು ಬೆಳೀತಿದ್ರಿ, ಅಧ್ಯಕ್ಷರ?”

“ಎಮ್ಮಿ ಮೈ ತೊಳೀತಿದ್ವಿ.”

“ಈಗ ಶ್ರಾವಣ ಮುಗಿಯೂದ ತಡ, ಮಸ್ಕಿ ಸಂತ್ಯಾಗ ಮೀನಿಗೆ ಪಾಳಿ ಹಚ್ತೀರಿ.”

“ನೀವೂ ಇಲ್ಲಿಗೆ ಬರೂತನಕ ಜೋಳದ ರೊಟ್ಟಿ ಕಂಡಿರಲಿಲ್ಲ ಬಿಡವಾ.”

“ಖರೇರಿ. ಈಗ ರೊಟ್ಟಿ ಇಲ್ಲದಿದ್ರ ಸುಬಲ್ ತಾಟು ಮುಟ್ಟಂಗಿಲ್ಲ. ಮೀನು ಕಲಿಸಿದವರಿಗಿ ಕೆರಿ ಕೊಡಾಕ ಯಾಕ ಹಿಂದಮುಂದ ನೋಡ್ತೀರಿ?”

ಅಷ್ಟರಲ್ಲಿ ಹಂಡೆಯಲ್ಲಿ ಮರಿಗಳು ಮೇಲಕ್ಕೆ ಬರತೊಡಗಿದವು. ಮೊದಲು ಹತ್ತಾರು, ಆಮೇಲೆ ನೂರಾರು; ಎಲ್ಲವೂ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ಬೇಡುತ್ತಿದ್ದವು. ಸುಬಲ್ ಕೈ ಚಾಚಿದ. ಅಕ್ಕ ಕಣ್ಣಿನಲ್ಲೇ ತಡೆದಳು. ಒಂದು ಮರಿ ಹೊಟ್ಟೆ ಮೇಲೆ ಮಾಡಿತು. ದುರುಗೇಶನ ನಗೆ ನಿಂತಿತು.

ಇನ್ನೊಂದು ಮರಿ ಹೊಟ್ಟೆ ತೋರಿಸಿದಾಗ ಕುಳಿತವರ ನಡುವಿನಿಂದ ಒಬ್ಬನು ಎದ್ದು ಬಂದು, ಹಂಡೆಯ ಮುಂದೆ ಮೊಣಕಾಲೂರಿ, ನೀರಿಗೆ ಅಂಗೈ ಹಾಕಿದ.

ಹದವಾದ ಬಡಿತ. ಕೈ ಎಲ್ಲಿಯೂ ಎಡವಲಿಲ್ಲ. ಅವನ ತುಟಿಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು.

“ಏಕ್, ದುಯ್, ತಿನ್, ಚಾರ್…”

ಗುಂಪಿನ ಅಂಚಿನಲ್ಲಿದ್ದ ಚಾಂದ್‌ಪಾಷಾ ಒಂದು ಹೆಜ್ಜೆ ಮುಂದೆ ಬಂದ. “ಅಕ್ಕಾ, ಇದ ದನಿ. ಇದ ಬಡಿತ.”

ಹದಿನೈದನೆಯ ಬಡಿತಕ್ಕೆ ಆ ಕೈ ನಿಂತಿತು. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಆದರೆ ಮರಿಗಳು ಇನ್ನೂ ಬಾಯಿ ಬಿಡುತ್ತಿದ್ದವು. ಅವನು ಕಣ್ಣು ಮುಚ್ಚಿ, ತಲೆ ಎತ್ತದೆ, ಉಳಿದ ಐದನ್ನೂ ಬಡಿದ.

“ಉಳಿದ ಮರಿ?” ಎಂದಳು ಶೆಫಾಲಿ.

“ಕ್ರಾಸಿನ ಹಿಂದಿನ ಕಲ್ಲುಬಾವ್ಯಾಗ ಅದಾವು. ಒಂದೂ ಸತ್ತಿಲ್ಲ.” ದನಿ ಕೇಳಿಸಿಯೂ ಕೇಳಿಸದಂತಿತ್ತು. “ನಿಮ್ಮಪ್ಪ ಕಲಿಸಿದ್ದು. ಸಾಯಾಕ ಬಿಡೂದು ಹೆಂಗ?”

ಸಂಘದವರು ತಮ್ಮತಮ್ಮಲ್ಲಿ ಗುಜುಗುಜು ಮಾತಾಡಿಕೊಂಡರು. ಸೂಗಮ್ಮ ಎಲ್ಲರ ಒಪ್ಪಿಗೆ ಕೇಳಿ ಪೆನ್ನು ಎತ್ತಿಕೊಂಡಳು. ಸಂಜೆಯೊಳಗೆ ಬಾವಿಯ ಮರಿಗಳು ಕೆರೆಗೆ ಇಳಿಯತಕ್ಕದ್ದು; ಮೂರು ವರ್ಷ ಕೆರೆ ಶೆಫಾಲಿ ಹಲ್ದಾರ್ ಅವರದು. ದುರುಗೇಶ ತನ್ನ ಚೀಲಗಳನ್ನು ಗಾಡಿಗೆ ಏರಿಸತೊಡಗಿದ. ಸೂಗಮ್ಮ ಮುಂದಿನ ಸಾಲಿಗೆ ಬಂದು ತಲೆ ಎತ್ತಿದಳು.

“ಕದ್ದವರ ಹೆಸರು ಏನಂತ ಬರೀಲವಾ?”

ಶೆಫಾಲಿ ಹಂಡೆಯ ಮುಂದೆ ಕುಳಿತವನ ಒದ್ದೆ ಕೈಯನ್ನು ಒಂದು ಗಳಿಗೆ ನೋಡಿದಳು.

“ಗಾಳೆಪ್ಪಣ್ಣ ಅಂತ ಬರೀರಿ.”